ಕಾಕಾರ ಶನಿವಾರದ ಪ್ರಿಂಟು

ಕಾಕಾರ ಬಲಗೈ ಹೆಬ್ಬೆರಳಿನ ಉಗುರು ಸದಾ ನೀಲಿ. ಪ್ರಿಂಟರಿನ ರಿಬ್ಬನ್ನನ್ನು ಯಾರಿಗೂ ಮುಟ್ಟಗೊಡದೆ ತಾವೇ ಬದಲಾಯಿಸುವರು. ಆ ಮಸಿ ಯಾವ ಸಾಬೂನಿಗೂ ಹೋಗುತ್ತಿರಲಿಲ್ಲ.

ಮೂಡಲಗಿ ಕಡೆಯ ಒಂದು ಸಕ್ಕರೆ ಕಾರ್ಖಾನೆ, ತೊಂಬತ್ತರ ದಶಕದ ಕೊನೆ. ಇದ್ದದ್ದು ಒಂದೇ ದೊಡ್ಡ ಕಂಪ್ಯೂಟರು, ಅದಕ್ಕೆ ಎಂಟು ಟರ್ಮಿನಲ್ಲು. ಅದನ್ನೆಲ್ಲ ನೋಡಿಕೊಳ್ಳುವ ಹಿರಿಯರನ್ನು ಇಡೀ ಕಾರ್ಖಾನೆ ಕಾಕಾ ಎನ್ನುತ್ತಿತ್ತು. ನಾನು ಹುಕ್ಕೇರಿಯಿಂದ ಹೋದ ಹಂಗಾಮಿ ಆಪರೇಟರು. ಮೊದಲ ದಿನವೇ ಕಾಕಾ ಹೇಳಿದರು: “ನೋಡ ತಂಗಿ, ಪ್ರತಿ ಫೈಲಿಗೆ ಒಬ್ಬ ಮಾಲಕ, ಒಂದು ಗುಂಪು ಇರತೈತಿ. ಮಾಲಕ ತಿದ್ದತಾನ, ಗುಂಪು ಓದತೈತಿ, ಉಳಿದವ್ರು ಬಾಗಲ ಹೊರಗ ನಿಂದರತಾರ.” ಯಾವ ಫೈಲು ಯಾರದು ಎಂಬ ಯಾದಿಯನ್ನು ಪ್ರತಿ ಶನಿವಾರ ಪ್ರಿಂಟು ತೆಗೆದು ಗೂಟಕ್ಕೆ ಸಿಗಿಸುವರು. ಎಲ್ಲ ಕಂಪ್ಯೂಟರಿನಲ್ಲೇ ಇರುವಾಗ ಕಾಗದವೇಕೆ ಎಂದು ನಾವು ಆಪರೇಟರುಗಳು ಹಿಂದಿನಿಂದ ನಗುತ್ತಿದ್ದೆವು.

ಒಂದು ಮಧ್ಯಾಹ್ನ, ನೌಕರಿ ಬಿಟ್ಟವನೊಬ್ಬನ ಫೈಲನ್ನು ನನ್ನ ಹೆಸರಿಗೆ ಮಾಡಿಕೊಳ್ಳಲು ಹೇಳಿ, ತಮ್ಮ ಖುರ್ಚಿಯಲ್ಲೇ ಕೂರಿಸಿ ಹೊರಗೆ ಹೋದರು. ಅವಸರದಲ್ಲಿ ನಾನು ಫೈಲಿನ ಹೆಸರು ಬಿಟ್ಟು, ಅದೂ ಉಳಿದೆಲ್ಲ ಫೈಲುಗಳೂ ಇದ್ದ ಡೈರೆಕ್ಟರಿಯ ಹೆಸರು ಹೊಡೆದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಾರ್ಖಾನೆಯ ಫೈಲುಗಳೆಲ್ಲ ನನ್ನವಾದವು! ಗುಂಪೂ ಬದಲಾಗಿತ್ತು. ಗೇಟಿನವರಿಗೆ ಕಬ್ಬಿನ ಪಾಳಿಯ ಯಾದಿ ತೆರೆಯಲೊಲ್ಲದು. ಹೊರಗೆ ಟ್ರ್ಯಾಕ್ಟರುಗಳ ಸಾಲು ಬೆಳೆಯಿತು.

ಮ್ಯಾನೇಜರು ಓಡಿಬಂದರು. “ಯಾರ್ರಿ ಇದನ್ನ ಮಾಡಿದವ್ರು? ನಾಳಿಂದ ಬರೂದ ಬ್ಯಾಡ ಅನ್ರಿ!”

ಆ ನೌಕರಿ ನಂಬಿಯೇ ತಮ್ಮನನ್ನು ಕಾಲೇಜಿಗೆ ಹಚ್ಚಿದ್ದೆವು.

ಅಷ್ಟರಲ್ಲಿ ಬಂದ ಕಾಕಾ ಗೂಟದಿಂದ ಶನಿವಾರದ ಯಾದಿ ಇಳಿಸುತ್ತ, “ಈಕಿ ಕೆಡಿಸ್ಯಾಳ್ರಿ, ಈಕೀನ ಸರಿ ಮಾಡತಾಳ. ನೀವು ಚಹಾ ಕುಡ್ಯಾಕ ಹೋಗ್ರಿ” ಎಂದರು. ಆಮೇಲೆ ನನಗೆ: “ಅಳೂದು ಆಮ್ಯಾಲ. ನಾ ಓದತೇನಿ, ನೀ ಹೊಡಿ. ಮೊದಲ ಗೇಟಿನವ್ರದು.”

ಒಂದೊಂದೇ ಫೈಲು, ಅದರ ಮಾಲಕ, ಅದರ ಗುಂಪು. ಗೇಟಿನ ಯಾದಿ ತೆರೆಯಿತು. ಟ್ರ್ಯಾಕ್ಟರುಗಳು ಗುಡುಗುತ್ತ ಒಳಬಂದವು. ಕೊನೆಯ ಪುಟ ಮುಗಿಯುವ ಹೊತ್ತಿಗೆ ಸೂರ್ಯ ಮುಳುಗಿದ್ದ. ಮೂಲೆಯಲ್ಲಿ ಅವರ ಸಂಜೆಯ ಬುತ್ತಿ ಕಟ್ಟಿದಂತೆಯೇ ಇತ್ತು. ಕಾಕಾ ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ.

“ಕಾಕಾ, ನನ್ನ ಸಲುವಾಗಿ ಉಪಾಸ ಬಿದ್ರಲ್ರಿ!”

“ಬಿಡ ತಂಗಿ, ನಿಮ್ಮ ಕಾಕಿ ಹಾಗಲಕಾಯಿ ಪಲ್ಯಾ ಕಟ್ಟ್ಯಾಳ. ಪಾರಾದೆ.”

ಮರುದಿನ ಹೆದರುತ್ತಲೇ ಹೋದೆ. ಕಾಕಾ ತಮ್ಮ ಖುರ್ಚಿ ಎಳೆದು ಕೊಟ್ಟು, ಪಾಸ್‌ವರ್ಡು ಹೊಡೆದು, “ಆ ಬಿಟ್ಟು ಹೋದಾವನ ಫೈಲ್ ಹಂಗ ಉಳದೈತಿ, ನಿನ್ನ ಹೆಸರಿಗೆ ಮಾಡಿಕೋ” ಎಂದರು. ಬೆನ್ನ ಹಿಂದೆ ನಿಂತು ನೋಡುತ್ತಾರೆಂದುಕೊಂಡೆ. ಇಲ್ಲ, ನಿನ್ನೆಯಂತೆಯೇ ಹೊರಗೆ ಹೋಗಿಬಿಟ್ಟರು.

ಕಾಕಾ ತೀರಿಕೊಂಡು ವರ್ಷಗಳಾದವು. ನಾನು ಕಾಯಂ ಆದದ್ದು, ಆ ಕೋಣೆಯ ಉಸ್ತುವಾರಿ ನನಗೆ ಬಂದದ್ದು ಎಲ್ಲ ಆಮೇಲಿನ ಮಾತು. ನನಗೆ ನಿಜವಾಗಿ ನೌಕರಿ ಸಿಕ್ಕದ್ದು ಅವರು ಹೊರಗೆ ಹೋದ ಆ ಮುಂಜಾನೆ.