ಕೋಷ್ಟಕದ ಕೆಳಗಿನ ಸಾಲು

ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆ ಕೋಣೆ ಹಿಡಿದು ಸ್ವಲ್ಪ ಕಾಲವಾಗಿತ್ತು. ಆಗ ಜಯನಗರದ ಒಬ್ಬ ನಿವೃತ್ತ ಅರ್ಥಶಾಸ್ತ್ರದ ಮೇಷ್ಟರ ಮನೆಗೆ ಕೆಲಸಕ್ಕೆ ಹೋಗತೊಡಗಿದೆ. ಕೆಲಸವೆಂದರೆ ಅವರಿಗೆ ಓದಿ ಹೇಳುವುದು. ಅವರ ಕಣ್ಣು ಹೋಗುತ್ತಿತ್ತು. ನಡುವಿನದೆಲ್ಲ ಮಸುಕು, ಅಂಚಿನದಷ್ಟೇ ಕಾಣುತ್ತದೆ ಎನ್ನುತ್ತಿದ್ದರು. ಡಾಕ್ಟರು ಆಗಲೇ ಕೈಚೆಲ್ಲಿದ್ದರು. ಪೂರ್ತಿ ಕತ್ತಲಾಗುವುದರೊಳಗೆ ಒಂದು ಪುಸ್ತಕ ಮುಗಿಸಬೇಕು, ಅದನ್ನು ಕೈಯಲ್ಲಿ ಹಿಡಿಯಬೇಕು, ಇದೊಂದೇ ಅವರ ಆಸೆಯಾಗಿತ್ತು.

ಪುಸ್ತಕ ನಮ್ಮ ಕಡೆಯದು, ಅಂದರೆ ಉತ್ತರ ಕರ್ನಾಟಕದ ಹೊಲಗೆಲಸದ ಕೂಲಿಯನ್ನು ಕುರಿತದ್ದು. ಒಂದು ದಿನದ ಕೂಲಿಗೆ ಎಷ್ಟು ಜೋಳ ಬರುತ್ತದೆ ಎಂದು ಅವರು ವರ್ಷವರ್ಷವೂ ಲೆಕ್ಕ ಹಾಕುತ್ತ ಬಂದಿದ್ದರು. ಹಳೆಯ ವರ್ಷಗಳ ಅಂಕಿಗಳನ್ನು ಅಚ್ಚಾದ ವರದಿಗಳಿಂದ ತಾವೇ ಇಳಿಸಿಕೊಂಡಿದ್ದರು. ಈಚಿನವನ್ನು ಇಂಟರ್ನೆಟ್ಟಿನಲ್ಲಿ ಹುಡುಕಬೇಕಿತ್ತು, ಅದಕ್ಕೆ ನಾನು. ಎರಡನ್ನೂ ಜೋಡಿಸಿದಾಗ ಕೂಲಿ ಚೆನ್ನಾಗಿಯೇ ಏರಿತ್ತು. ಬಡವರ ಮನೆಗೆ ಮೊದಲಿಗಿಂತ ಹೆಚ್ಚು ಜೋಳ ಬರುತ್ತಿದೆ ಎಂಬ ಆ ಮಾತೇ ಪುಸ್ತಕದ ಜೀವ. ನಾನು ಕಳೆ ತೆಗೆಯಲು ಹೋಗುತ್ತಿದ್ದ ಅಜ್ಜಿಯ ಮೊಮ್ಮಗಳು. ಆ ಸಾಲುಗಳನ್ನು ಅವರು ಕೇಳದಿದ್ದರೂ ಎರಡೆರಡು ಸಲ ಓದಿ ಹೇಳಿದ್ದೆ.

ಆಗಿನ ಇಂಟರ್ನೆಟ್ ಎಂದರೆ ನಮ್ಮ ಕೋಣೆಯ ಕೆಳಗಿನ ಸೈಬರ್ ಕೆಫೆ. ಅಲ್ಲಿ ಅಂಕಿಗಳಿಗೆ ಬರವಿರಲಿಲ್ಲ, ನಂಬಿಕೆಗೆ ಬರ. ಒಂದು ತಾಣದಲ್ಲಿ ಒಂದು ಅಂಕಿ, ಇನ್ನೊಂದರಲ್ಲಿ ಇನ್ನೊಂದು. ಯಾರೋ ಪತ್ರಿಕೆಯಲ್ಲಿ ಬರೆದಿದ್ದನ್ನು ಮತ್ತ್ಯಾರೋ ಎತ್ತಿ ಹಾಕಿ, ಅದನ್ನು ಮೂರನೆಯವರು ಎತ್ತಿಕೊಂಡು, ಕೊನೆಗೆ ಎಲ್ಲಿಂದ ಬಂತು ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ನಾನು ಹುರುಪಿನಿಂದ, "ಸರ್, ನಾಕು ಕಡೆ ಇದ ಅಂಕಿ ಐತ್ರಿ" ಎಂದು ಪ್ರಿಂಟ್ ತಂದರೆ ಮೇಷ್ಟ್ರು ನಗುತ್ತಿದ್ದರು.

"ಒಂದೇ ಸುಳ್ಳು ನಾಲ್ಕು ಮನೆ ತಿರುಗಿ ಬಂದ್ರೆ ನಾಲ್ಕು ಸಾಕ್ಷಿ ಆಗಲ್ಲಮ್ಮ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಮೊದಲು ಎಣಿಸಿದೋರು ಯಾರು, ಏನನ್ನ ಎಣಿಸಿದ್ರು, ಅದನ್ನ ಹುಡುಕು."

ನನಗೆ ಸಿಟ್ಟು ಬರುತ್ತಿತ್ತು. ಪುಟ ಇಳಿಯಲಿ ಬಿಡಲಿ ಕೆಫೆಯ ಗಡಿಯಾರ ಓಡುತ್ತಿರುತ್ತದೆ. ಅರ್ಧ ಇಳಿದು ಲೈನ್ ಕಡಿದರೆ ಮತ್ತೆ ಮೊದಲಿನಿಂದ. ಇವರು ಜಯನಗರದಲ್ಲಿ ಕೂತು ಮೂಲ ಹುಡುಕು ಎನ್ನುತ್ತಾರೆ, ಇವರಪ್ಪನ ಗಂಟೇನು ಹೋಗತೈತಿ ಎಂದು ಮನಸ್ಸಿನಲ್ಲೇ ಬೈದುಕೊಂಡದ್ದುಂಟು. ಆದರೂ ಹುಡುಕುತ್ತಿದ್ದೆ.

ಕೊನೆಗೆ ಇಲಾಖೆಯೊಂದರ ತಾಣದಲ್ಲಿ ಒಂದು ವರ್ಷದ್ದು ಬಿಟ್ಟು ಈಚಿನ ಎಲ್ಲ ವರ್ಷಗಳ ಕೂಲಿಯೂ ಒಂದೇ ಉದ್ದನೆಯ ಕೋಷ್ಟಕದಲ್ಲಿ ಸಿಕ್ಕಿತು. ಎಣಿಸಿದವರೇ ಕೊಟ್ಟದ್ದು, ಇನ್ನೇನು ಬೇಕು? ಮೇಷ್ಟ್ರೂ ಒಪ್ಪಿದರು. ಬರೆದದ್ದಾಯಿತು, ತಿದ್ದಲೆಂದು ಪ್ರೆಸ್ಸಿನಿಂದ ಕರಡಚ್ಚೂ ಮನೆಗೆ ಬಂತು. ಉಳಿದದ್ದು ಒಂದೇ ಕೆಲಸ, ಅವರ ಭಾಷೆಯಲ್ಲಿ "ಕರೆಯುವುದು". ಅಚ್ಚಿಗೆ ಹೋಗುವ ಮುನ್ನ ಪ್ರತಿಯೊಂದು ಅಂಕಿಯನ್ನೂ ಮೂಲದಿಂದ ಗಟ್ಟಿಯಾಗಿ ಕರೆಯಬೇಕು. ಅವರು ಕಣ್ಣುಮುಚ್ಚಿ ಕೂತು ತಮ್ಮ ಬಾಯಿಪಾಠದ ಅಂಕಿಗೆ ಹೊಂದಿಸಿಕೊಂಡು "ಹೂಂ" ಎನ್ನಬೇಕು. ಅಂಕಿ ಮುಗಿದ ಮೇಲೆ ಕೋಷ್ಟಕದ ಕೆಳಗೆ ಏನು ಬರೆದಿದ್ದರೂ ಅದನ್ನೂ ಓದಲೇಬೇಕು. ಹಬ್ಬವಿರಲಿ, ಜ್ವರವಿರಲಿ, ಆ ನೇಮ ತಪ್ಪಿದ್ದಿಲ್ಲ.

ಕೋಷ್ಟಕದಲ್ಲಿ ಆ ಒಂದು ವರ್ಷದ ಅಂಕಿಯ ಮನೆ ಖಾಲಿಯಿತ್ತು. ಅದನ್ನು ತುಂಬಲೆಂದು ನಾನು ತಾಣವನ್ನು ಮತ್ತೆ ಜಾಲಾಡಿದೆ. ಹಳೆಯ ವರದಿಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಹೊಸದಾಗಿ ಹಾಕತೊಡಗಿದ್ದರು. ಬೇಕಾದ ಅಂಕಿ ಸಿಕ್ಕಿತು. ಪುಟದ ತಳದಲ್ಲಿ, ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿತ್ತು: ಈ ವರ್ಷದಿಂದ, ಹೊಲದ ಮಾಲೀಕರು ಕೊಡುವ ಮಧ್ಯಾಹ್ನದ ಊಟದ ಬೆಲೆಯನ್ನೂ ಕೂಲಿಯಲ್ಲಿ ಸೇರಿಸಿದೆ.

ಅಯ್ಯೋ ಶಿವನೇ, ಅಂದುಕೊಂಡೆ. ನಮ್ಮ ಕೋಷ್ಟಕದಲ್ಲಿ ಕೂಲಿ ಮೇಲೇರತೊಡಗಿದ್ದು ಸರಿಯಾಗಿ ಆ ಖಾಲಿ ವರ್ಷದಿಂದ ಈಚೆಗೆ. ತಾಣದ ಉದ್ದನೆಯ ಕೋಷ್ಟಕದಲ್ಲಿ ಈ ಟಿಪ್ಪಣಿಯೇ ಇರಲಿಲ್ಲ.

ಆ ಪುಟದ ಪ್ರಿಂಟ್ ಹಿಡಿದು ಜಯನಗರಕ್ಕೆ ಹೋದಾಗ ಮೇಷ್ಟ್ರು ಸ್ನಾನಕ್ಕೆ ಹೋಗಿದ್ದರು. ಅವರ ಹೆಂಡತಿ ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದರು. ನನ್ನ ಮುಖ ನೋಡಿದ್ದೇ, "ಏನಾಯ್ತೇ ಹುಡುಗಿ?" ಎಂದರು. ಅವರ ಮುಂದೆ ಸುಳ್ಳು ನಡೆಯುತ್ತಿರಲಿಲ್ಲ. ಹೇಳಿದೆ. ಅರ್ಥಶಾಸ್ತ್ರದ ಗಂಡನ ಜೊತೆ ಅಷ್ಟು ವರ್ಷ ಬಾಳಿದವರು, ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ.

"ಆ ಒಂದು ಸಾಲು ಬಿಟ್ಟು ಓದು."

"ಅಮ್ಮ..."

"ಬಿಟ್ಟು ಓದು ಅಂದೆ. ಪುಸ್ತಕ ಕೈಗೆ ಬರ್ಲಿ ಅಂತ ಮಂಗಳವಾರ ಮಂಗಳವಾರ ಬನಶಂಕರಿ ಗುಡೀಲಿ ನಿಂಬೆಹಣ್ಣಿನ ದೀಪ ಹಚ್ಚಿ ಬರ್ತಿದೀನಿ. ಇನ್ನೊಂದ್ಸಲ ಮೊದಲಿಂದ ಬರೆಯೋಕೆ ಅವರಿಗೆಲ್ಲಿದೆ ಕಣ್ಣು? ಯಾರಿಗೆ ಗೊತ್ತಾಗತ್ತೆ, ಹೇಳು."

"ಯಾರಿಗೂ ಗೊತ್ತಾಗೂದಿಲ್ರಿ ಅಮ್ಮ. ನನಗ ಗೊತ್ತೈತಲ್ರಿ."

"ನೀನು ಚಿಕ್ಕೋಳು. ಮರೀತೀಯ."

ಅಷ್ಟರಲ್ಲಿ ಬಚ್ಚಲಿನ ಬಾಗಿಲು ತೆರೆಯಿತು. ಮೇಷ್ಟ್ರು ಗೋಡೆ ಸವರಿಕೊಂಡು ಬಂದು ತಮ್ಮ ಬೆತ್ತದ ಕುರ್ಚಿಯಲ್ಲಿ ಕೂತರು. ಅವತ್ತು ಬಹಳ ಗೆಲುವಾಗಿದ್ದರು. ಖಾಲಿಯಿದ್ದ ಮನೆ ತುಂಬಿತು ಎಂದು ಕೇಳಿ, "ಸಖತ್ ಕೆಲಸ ಮಾಡಿದೆ ಗುರು" ಎಂದು ಕಾಲೇಜು ಹುಡುಗರ ಹಾಗೆ ಹೇಳಿ ತಾವೇ ನಕ್ಕರು.

ಕರೆಯತೊಡಗಿದೆ. ಜಿಲ್ಲೆ, ತಿಂಗಳು, ಗಂಡಾಳು, ಹೆಣ್ಣಾಳು. ಅವರು "ಹೂಂ, ಹೂಂ" ಎನ್ನುತ್ತ ಹೊಸ ಅಂಕಿಗಳನ್ನು ಬಾಯಿಪಾಠಕ್ಕೆ ಸೇರಿಸಿಕೊಳ್ಳುತ್ತ ಹೋದರು. ಅಮ್ಮ ಬಾಗಿಲಿಗೆ ಬಂದು ನಿಂತು ನನ್ನನ್ನೇ ನೋಡುತ್ತಿದ್ದರು. ಅಂಕಿಗಳು ಮುಗಿದವು. ಬಿಟ್ಟುಬಿಡೋಣ ಅನ್ನಿಸಿತು, ಸುಳ್ಳೇಕೆ ಹೇಳಲಿ. ಒಂದು ಸಾಲು. ಈ ದೊಡ್ಡ ಲೋಕದಲ್ಲಿ ಯಾರ ಗಂಟು ಹೋಗುತ್ತಿತ್ತು?

"ಕೆಳಗೇನಿದೆಯಮ್ಮ?"

ನನ್ನ ಅಜ್ಜಿಯ ಕೈ ನೆನಪಾಯಿತು. ಕಳೆ ಕಿತ್ತು ಕಿತ್ತು ಬೆರಳ ಸಂದಿಗಳೆಲ್ಲ ಬಿರಿದಿರುತ್ತಿದ್ದವು. ಆಕೆಗೆ ಹೆಚ್ಚು ಸಿಕ್ಕಿತು ಎಂದು ಅಚ್ಚು ಹಾಕಿಸಿದರೆ ಆಕೆಗೆ ಇನ್ನೇನೂ ಕೊಡಬೇಕಾದ್ದಿಲ್ಲ ಎಂದು ಓದಿದವರೆಲ್ಲ ಅಂದುಕೊಳ್ಳುತ್ತಾರೆ. ಆ ಸಾಲನ್ನೂ ಓದಿದೆ.

"ಇನ್ನೊಂದ್ಸಲ" ಎಂದರು. ಮತ್ತೆ ಓದಿದೆ.

"ನಿಮ್ಮ ಕಡೆ ಆಳುಗಳಿಗೆ ಊಟ ಕೊಡೋದು ಯಾವಾಗಿಂದ?"

"ನಮ್ಮ ಅಜ್ಜಿ ಕಾಲದಿಂದಾನೂ ಐತ್ರಿ ಸರ್. ಎರಡು ರೊಟ್ಟಿ, ಒಂದೀಟು ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ."

"ಅಂದ್ರೆ ಹೊಸದಾಗಿ ಏನೂ ಸಿಕ್ಕಿಲ್ಲ."

"ಇಲ್ರಿ. ಮೊದಲೆಲ್ಲಾ ರೊಟ್ಟಿ ಎಣಸತಿರಲಿಲ್ಲ, ಈಗ ಎಣಸ್ಯಾರ. ಅಷ್ಟ."

"ಊಟಕ್ಕೆಷ್ಟು, ಕೈಗೆಷ್ಟು ಅಂತ ಬೇರೆ ಬೇರೆ ಕೊಟ್ಟಿದಾರಾ? ಕಳೆದು ನೋಡಬಹುದು."

"ಎಲ್ಲಾ ಹುಡುಕಿದ್ನಿರಿ ಸರ್. ಎಲ್ಲೂ ಇಲ್ರಿ."

ಅವರು ಕರಡಚ್ಚಿನ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈಯಿಂದ ಸವರಿದರು. ಆಮೇಲೆ ಪ್ರೆಸ್ಸಿಗೆ ಫೋನ್ ಮಾಡಿ ಕೊಡು ಎಂದರು. ನಾನು ನಂಬರು ಒತ್ತಿ ರಿಸೀವರನ್ನು ಅವರ ಕೈಗಿಟ್ಟೆ. "ಅಚ್ಚು ಹಾಕ್ಬೇಡಿ. ಹೌದು, ಪೂರ್ತಿ ಪುಸ್ತಕ. ಇಲ್ಲ ಸ್ವಾಮಿ, ತಿದ್ದಿ ಕೊಡೋಕೆ ನನ್ನ ಕೈಲಿ ಆಗಲ್ಲ." ಅಷ್ಟು ಹೇಳಿ ಫೋನಿಟ್ಟರು.

ಅಮ್ಮ ಬಾಗಿಲಲ್ಲೇ ನಿಂತಿದ್ದರು. ಮೇಷ್ಟ್ರು ಅವರ ಉಸಿರಿನ ಸದ್ದು ಬಂದ ಕಡೆ ತಿರುಗಿದರು.

"ಈ ಹುಡುಗಿ ಓದದೇ ಇದ್ದಿದ್ರೆ ನಾನು ಸುಳ್ಳು ಹೇಳಿ ಸಾಯ್ತಿದ್ದೆ ಕಣೇ."

"ಸಂತೋಷವಾಗಿ ಸಾಯ್ತಿದ್ರಿ" ಎಂದರು ಅಮ್ಮ.

ಅಮ್ಮ ಒಳಗೆ ಹೋಗಿ ಉಳಿದ ಹುರುಳಿಕಾಯಿ ಬಿಡಿಸತೊಡಗಿದರು.