ವಾರಿಜಳ ನೆಂಟಸ್ತಿಕೆ

ವಾರಿಜ ಬಸ್ಸು ಹತ್ತಿದರೆ ಟಿಕೆಟ್ಟು ಕೊಳ್ಳುವ ಮೊದಲು ಪಕ್ಕದಲ್ಲಿ ಕೂತವರ ಊರು ಕೇಳುತ್ತಿದ್ದಳು. ಊರು ತಿಳಿದ ಮೇಲೆ ಮನೆ, ಮನೆ ತಿಳಿದ ಮೇಲೆ ಅಜ್ಜಿಯ ತವರು. ಬಸ್ಸು ಸಾಗರದ ಪೇಟೆ ದಾಟುವಷ್ಟರಲ್ಲಿ ಆ ಅಪರಿಚಿತರು ಅವಳಿಗೆ ಅತ್ತೆಯೋ ಬಾವನೋ ಆಗಿ, ಅವರ ಚೀಲದ ಬಾಳೆಹಣ್ಣು ಇವಳ ಕೈಗೆ ಬಂದಿರುತ್ತಿತ್ತು. ರಕ್ತಸಂಬಂಧವೇ ಆಗಬೇಕೆಂದಿರಲಿಲ್ಲ. ಅವಳ ದೊಡ್ಡಪ್ಪನಿಗೆ ಎತ್ತು ಮಾರಿದವರು, ಚಿಕ್ಕಮ್ಮನ ಹೆರಿಗೆಗೆ ಬಂದ ಸೂಲಗಿತ್ತಿಯ ಮನೆಯವರು, ಯಾರಾದರೂ ನಡೆಯುತ್ತಿತ್ತು.

"ಎಳೆದ್ರೆ ಬರ್ತದೆ ಮಾರಾಯ್ತಿ. ಎಲ್ಲಾ ನಂಟೂ ಎಳೆದ್ರೆ ಬರ್ತದೆ" ಎಂದು ಅವಳು ಹೇಳುವಾಗ, ಬಾವಿಯಿಂದ ಕೊಡ ಸೇದುವ ಹಾಗೆ ಎರಡು ಕೈಯನ್ನೂ ಆಡಿಸುತ್ತಿದ್ದಳು.

ನನ್ನ ಬಾವಿಯಲ್ಲಿ ಸೇದಲು ಏನೂ ಇರಲಿಲ್ಲ. ನನ್ನ ತಂದೆ ಸ್ಟೇಷನ್ ಮಾಸ್ತರು. ನಮಗೆ ಊರು ಇರಲಿಲ್ಲ, ಸ್ಟೇಷನ್ನುಗಳಿದ್ದವು. ಎದ್ದೇಳುವುದು, ಉಣ್ಣುವುದು, ದೀಪ ಆರಿಸುವುದು ಎಲ್ಲವೂ ಗಾಡಿಗಳ ವೇಳೆಯ ಪ್ರಕಾರ ನಡೆಯುವ ಮನೆಯಲ್ಲಿ ಬೆಳೆದೆ. ಆ ಶಿಸ್ತನ್ನು ಈಗಲೂ ಬಿಟ್ಟಿಲ್ಲ, ಬಿಡುವ ಇಚ್ಛೆಯೂ ಇಲ್ಲ. ವಾರಿಜ ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ನಾನು ಅವಳಿಗೆ 'ಟೇಸನ್ನು.'

ಅರವತ್ತರ ದಶಕದ ಕೊನೆಯ ಭಾಗ. ನಾವು ಮೂವರೂ ಸಾಗರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯರಾಗಿದ್ದೆವು. ಮೂರನೆಯವಳು ಲಲಿತ, ನನ್ನ ಜೊತೆ ಬಾಡಿಗೆ ಕೋಣೆಯಲ್ಲಿದ್ದವಳು. ತಂದೆಯಿಲ್ಲದ ಹುಡುಗಿ, ಮಿತಭಾಷಿ. ನಾನು ಅಕ್ಕಿ ತೊಳೆದರೆ ಅವಳು ಒಲೆ ಹಚ್ಚುವಳು. ನಾನು ಓದಿದ ಪುಸ್ತಕವನ್ನೇ ಅವಳು ಆಮೇಲೆ ಓದುವಳು. ಶಾಲೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಒಂದು ಮನೆ ಖಾಲಿಯಾಗುವುದಿತ್ತು. ಅದನ್ನು ಹಿಡಿದು, ಇಬ್ಬರೂ ಖಾಸಗಿಯಾಗಿ ಬಿ.ಎ. ಕಟ್ಟಿ, ಹೈಸ್ಕೂಲು ಉಪಾಧ್ಯಾಯಿನಿಯರಾಗಿ ಜೊತೆಯಲ್ಲೇ ಇದ್ದುಬಿಡಬೇಕೆಂದು ನನ್ನ ಲೆಕ್ಕ. ಲಲಿತಳ ಒಪ್ಪಿಗೆಯೊಂದು ಬಾಕಿ. ಅದನ್ನು ಅಡುಗೆ ಒಲೆಯ ಮುಂದೆ ಕೇಳಲು ನನಗೆ ಮನಸ್ಸಿರಲಿಲ್ಲ. ಅದಕ್ಕಾಗಿಯೇ ದಸರಾ ರಜೆಯಲ್ಲಿ ಒಂದು ಪ್ರವಾಸ ಗೊತ್ತುಮಾಡಿದೆ.

ಕಡಿಮೆ ಖರ್ಚಿನ ಪ್ರವಾಸ. ಬುತ್ತಿ ಮನೆಯದು, ಹೋಟೆಲು ಇಲ್ಲ. ಮೊದಲ ದಿನ ರೈಲಿನಲ್ಲಿ ತಾಳಗುಪ್ಪ, ಅಲ್ಲಿಂದ ಬಸ್ಸಿನಲ್ಲಿ ಜೋಗ, ರಾತ್ರಿಗೆ ವಾಪಸು. ಎರಡನೆಯ ದಿನ ಹೊಳೆಬಾಗಿಲಿನಲ್ಲಿ ಲಾಂಚು ಹತ್ತಿ ಹಿನ್ನೀರು ದಾಟಿ ಸಿಗಂದೂರು. ಮೂರನೆಯ ದಿನ ಹೊಸನಗರದ ಮೇಲೆ ತೀರ್ಥಹಳ್ಳಿ. ಅಲ್ಲಿ ತುಂಗೆಯ ದಂಡೆಯ ಕಲ್ಲಿನ ಮೇಲೆ ಕೂತು ಲಲಿತಳನ್ನು ಕೇಳುವುದು. ಎಲ್ಲ ಸರಿಯಾಗಿಯೇ ಇತ್ತು. ಲಲಿತ ಹೋಗಿ ವಾರಿಜಳನ್ನೂ ಕರೆದಳು.

"ಅವಳು ಬಂದ್ರೆ ಚೆನ್ನಾಗಿರುತ್ತಲ್ವ?" ಎಂದಳು. ಚೆನ್ನಾಗಿರುವುದಿಲ್ಲ ಎಂದು ಹೇಗೆ ಹೇಳುವುದು?

ಮೊದಲ ದಿನ ನಾನೂ ಲಲಿತಳೂ ಗಾಡಿಗೆ ಬಹಳ ಮುಂಚೆಯೇ ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದ್ದೆವು. ವಾರಿಜಳ ಪತ್ತೆಯಿಲ್ಲ. ಗಾಡಿ ಬಂತು, ಹತ್ತಿ ಕೂತೆವು. ಸದ್ಯ, ಇಬ್ಬರೇ ಹೋಗುತ್ತೇವೆ ಎಂದು ನಾನು ಕಾಲು ಚಾಚಿದೆ. ಗಾರ್ಡು ಹಸಿರು ಬಾವುಟ ಬಿಚ್ಚಿದವನು ಮತ್ತೆ ಸುತ್ತಿಕೊಂಡ. ಕಿಟಕಿಯಿಂದ ಇಣುಕಿದರೆ, ವಾರಿಜ ಸೀರೆಯ ನಿರಿಗೆ ಎತ್ತಿ ಹಿಡಿದು ಓಡಿ ಬರುತ್ತಿದ್ದಾಳೆ!

"ಬಾವಾ, ಒಂಚೂರು ನಿಲ್ಸಿ! ಅಕ್ಕಂಗೆ ಹೇಳ್ತೀನಿ ನೋಡಿ!"

"ಓಡ್ಬೇಡ ಮಾರಾಯ್ತಿ, ಬಿದ್ದೀಯ. ನಾನು ಬಿಡ್ದೆ ಗಾಡಿ ಎಲ್ಲಿಗೆ ಹೋಗ್ತದೆ?" ಎಂದು ಗಾರ್ಡು ನಗುತ್ತ ನಿಂತಿದ್ದ.

ರೈಲು ಎಂದರೆ ನನ್ನ ತವರು. ನನ್ನ ತಂದೆ ಸ್ವಂತ ಭಾವಮೈದುನನಿಗೂ ಗಾಡಿ ನಿಲ್ಲಿಸಿದವರಲ್ಲ. ಆ ತವರಿನಲ್ಲೂ ಇವಳಿಗೇ ನೆಂಟರು! ಒಳಗೆ ಬಂದವಳು ಲಲಿತಳನ್ನು ಒತ್ತಿಕೊಂಡು ಕೂತು, ಬಾಳೆಲೆಯ ಪೊಟ್ಟಣದಿಂದ ಬಿಸಿ ಕಡುಬು ತೆಗೆದಳು. ನನ್ನ ಚಪಾತಿ, ಚಟ್ನಿಪುಡಿಯ ಡಬ್ಬಿ ಮುಚ್ಚಿದಂತೆಯೇ ಜೋಗ ನೋಡಿಕೊಂಡು ಬಂತು.

ಜೋಗದಲ್ಲಿ ನಾನು ನಾಲ್ಕು ಧಾರೆಗಳ ಹೆಸರನ್ನೂ ಕ್ರಮವಾಗಿ ಹೇಳಿದೆ. ಲಲಿತ ತಲೆಯಾಡಿಸಿದಳು. ಆಗ ವಾರಿಜ ಕೈ ಚಾಚಿ, "ಅದು ಗತ್ತಿನಲ್ಲಿ ಇಳೀತಿರದು ಮಾವ. ಆ ಗದ್ದಲ ಎಬ್ಬಿಸ್ತಿರದು ಅತ್ತೆ. ಆ ಹಾರಾಡದು ನಾದಿನಿ. ಪಾಪ, ಮೂಲೇಲಿ ಮೆತ್ತಗೆ ಬೀಳ್ತಾ ಅದೆಯಲ್ಲ, ಅದು ಸೊಸೆ" ಎಂದಳು. ಲಲಿತ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎರಡು ವರ್ಷ ಒಂದೇ ಕೋಣೆಯಲ್ಲಿದ್ದೂ ಅವಳಿಗೆ ಹಾಗೆ ನಗಲು ಬರುತ್ತದೆಂದು ನನಗೆ ತಿಳಿದಿರಲಿಲ್ಲ. ಆ ನಗು ನನ್ನಿಂದ ಬರಬೇಕಿತ್ತು ಅನ್ನಿಸಿತು. ಆ ಸಂಕಟಕ್ಕೆ ಹೊಟ್ಟೆಕಿಚ್ಚು ಎನ್ನುವ ಹೆಸರಿದೆ, ಬೇರೆ ಹೆಸರು ಹುಡುಕಬೇಕಾದ್ದಿಲ್ಲ.

ಮಾರನೆಯ ದಿನ ಲಾಂಚಿನಲ್ಲಿ ವಾರಿಜ ನನ್ನ ಬುಡಕ್ಕೇ ಬಂದಳು. ಆ ಕಡೆಯ ದಡದ ತನಕ ಹೊತ್ತು ಹೋಗಬೇಕಲ್ಲ.

"ಹೋಗ್ಲಿ, ಟೇಸನ್ನು, ನಿಮ್ಮಪ್ಪನ ಊರಾದ್ರೂ ಯಾವುದು ಹೇಳು."

"ಊರಿಲ್ಲ. ಅವರ ತಂದೆಯೂ ರೈಲ್ವೆಯವರೇ."

"ಊರಿಲ್ದಿದ್ದ ಮನುಷ್ಯರು ಇರ್ತಾರಾ? ಎಲ್ಲೆಲ್ಲಿ ಇದ್ರಿ, ಅದ್ನಾದ್ರೂ ಹೇಳು."

"ಅರಸೀಕೆರೆ, ಬೀರೂರು, ತರೀಕೆರೆ..."

"ತರೀಕೆರೆ! ತರೀಕೆರೇಲಿ ನಮ್ಮ ಸೋದರಮಾವ ಮಂಡೀಲಿದ್ರು. ಕುಳ್ಳಗೆ, ಕೆಂಪು ಟೋಪಿ ಹಾಕ್ತಿದ್ರು. ನೋಡಿದೀಯಲ್ಲ?"

"ಇಲ್ಲ. ಅಲ್ಲಿ ಒಂದೇ ಬೇಸಿಗೆ ಇದ್ದದ್ದು."

"ಥೋ! ಎಷ್ಟು ಎಳೆದ್ರೂ ಬರದಿಲ್ವಲ್ಲೇ ನೀನು!" ಎಂದು ಕೈ ಚೆಲ್ಲಿದಳು. ಆಮೇಲೆ ನನ್ನನ್ನೂ, ನನ್ನ ಪಕ್ಕದಲ್ಲಿದ್ದ ಲಲಿತಳನ್ನೂ, ಲಲಿತಳ ಸೆರಗಿನ ಮೇಲಿದ್ದ ನನ್ನ ಕೈಯನ್ನೂ ನೋಡಿದಳು. "ಗೊತ್ತಾತು ಬಿಡು. ಲಲಿತನ ಜೊತೆ ಮಾತಾಡಿದ್ರೆ ಇವಳು ನನ್ನ ನೋಡೋ ಚಂದ ನೋಡಿದ್ರೆ, ಇವಳಿಗೆ ನಾನು ಸವತಿನೇ ಆಗ್ಬೇಕು!"

ಲಾಂಚಿನವರೆಲ್ಲ ನಕ್ಕರು. ಲಲಿತ ಎಲ್ಲರಿಗಿಂತ ಜೋರಾಗಿ ನಕ್ಕಳು. ನಾನು ನೀರು ನೋಡುತ್ತ ಕೂತೆ.

ಸಿಗಂದೂರಿನಲ್ಲಿ ದೇವಿಯ ದರ್ಶನ ಬೇಗ ಮುಗಿಯಿತು. ಕೊನೆಯ ಲಾಂಚಿಗೆ ಸಾಕಷ್ಟು ಸಮಯವಿತ್ತು. ಗುಡಿಯ ಹೊರಗೆ, ಕಂಕುಳಲ್ಲಿ ಬುಟ್ಟಿಯಿಟ್ಟುಕೊಂಡ ಒಬ್ಬ ಹೆಂಗಸು ಚಪ್ಪಲಿ ಮೆಟ್ಟುತ್ತಿದ್ದಳು. ದಿಟ್ಟ ಮುಖ, ದೊಡ್ಡ ಕುಂಕುಮ. ವಾರಿಜ ನಿಂತಳು.

"ಅಕ್ಕಾ, ನಿಮ್ಮನೆ ಯಾವ ಕಡಿಗಾತು?"

ಮುಗಿಯಿತು. ಆ ಹೆಂಗಸಿನ ಹೆಸರು ಗಿರಿಜಮ್ಮ. ಮನೆ ಅಲ್ಲೇ ಗುಡ್ಡದ ಹಿಂದೆ. ವಾರಿಜ ನಂಟು ಸೇದಲು ಶುರುಮಾಡಿದಳು. ಗಿರಿಜಮ್ಮನ ಮೈದುನ ಹಿಂದೊಮ್ಮೆ ಅರಳಸುರಳಿಗೆ ಎಮ್ಮೆ ಕೊಳ್ಳಲು ಬಂದವನು, ವಾರಿಜಳ ತವರಿನಲ್ಲೇ ಎರಡು ದಿನ ಉಂಡು ಮಲಗಿದವನು, ಅವಳ ಅಪ್ಪನನ್ನು ಅಣ್ಣ ಎಂದು ಕರೆದವನು. ಅಲ್ಲಿಗೆ ಗಿರಿಜಮ್ಮ ಅವಳಿಗೆ ಚಿಕ್ಕಮ್ಮನಾದಳು. ನಾನು ಮೂರು ಸಲ ಹೊತ್ತಾಯಿತೆಂದೆ. "ಒಂದು ಲೋಟ ಬೆಲ್ಲದ ಕಾಫಿ ಕುಡ್ದು ಹೋಗಿ, ಲಾಂಚೇನು ಓಡಿಹೋಗತ್ತಾ?" ಎಂದು ಗಿರಿಜಮ್ಮ ಕರೆದುಕೊಂಡು ಹೋದಳು. ನಾವು ತಿರುಗಿ ದಡಕ್ಕೆ ಬಂದಾಗ ಲಾಂಚು ನಡುನೀರಿನಲ್ಲಿತ್ತು. ಅದರಲ್ಲಿ ವಾರಿಜಳಿಗೆ ಬಾವ ಯಾರೂ ಇರಲಿಲ್ಲವೆಂದು ಕಾಣುತ್ತದೆ.

ಆ ರಾತ್ರಿ ಗಿರಿಜಮ್ಮನ ಮನೆಯಲ್ಲೇ ಉಳಿದೆವು. ಮೂರನೆಯ ದಿನದ ಬಸ್ಸು ತಪ್ಪಿತು, ತೀರ್ಥಹಳ್ಳಿ ತಪ್ಪಿತು. ಊಟಕ್ಕೆ ಕೂತಾಗಿನಿಂದ ಗಿರಿಜಮ್ಮ ಲಲಿತಳ ಮನೆತನ ವಿಚಾರಿಸುತ್ತಲೇ ಇದ್ದಳು. ಜಾತಿಯಲ್ಲಿ ಅವರು ಲಲಿತಳ ಪೈಕಿಯವರೇ. ನಾನು ಎಲೆ ನೋಡಿಕೊಂಡು ಉಂಡೆ.

ಬೆಳಿಗ್ಗೆ ಗಿರಿಜಮ್ಮನ ಮೈದುನ ಮನೆಗೆ ಬಂದ. ವಾರಿಜ ಎದ್ದು ನಿಂತು, "ಚಿಕ್ಕಪ್ಪಾ, ಗುರ್ತಾತಾ? ಅರಳಸುರಳಿ!" ಎಂದಳು.

ಅವನು ತಲೆ ಕೆರೆದುಕೊಂಡ. "ಅರಳಸುರಳಿನಾ? ನಾನು ಆ ಊರು ಕಂಡಿದ್ದೇ ಇಲ್ಲ ತಂಗಿ. ಎಮ್ಮೆಗೆ ಅಷ್ಟು ದೂರ ಯಾರು ಹೋಗ್ತಾರೆ?"

ವಾರಿಜಳ ಮುಖ ಬಾಡಿದ್ದನ್ನು ನಾನು ನೋಡಿದ್ದು ಆಗ ಮಾತ್ರ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹಗ್ಗ ಹರಿದು ಕೊಡ ಬಾವಿಗೆ ಬಿತ್ತು ಎಂದುಕೊಂಡೆ. ಚೀಲ ಹಿಡಿದು, "ತಪ್ಪಾಯಿತು, ಬರುತ್ತೇವೆ" ಎಂದು ಮೆಟ್ಟಿಲು ಇಳಿದೆ.

ಗಿರಿಜಮ್ಮ ದೋಸೆ ಹುಯ್ಯುತ್ತಿದ್ದವಳು ಸೌಟು ಹಿಡಿದೇ ಹೊರಗೆ ಬಂದಳು. "ಎಲ್ಲಿಗೆ ಹೊಂಟ್ರಿ? ನಮ್ಮನೇಲಿ ಉಂಡು ಮಲಗಿ ಎದ್ದ ಮೇಲೆ ನಂಟಿಲ್ಲ ಅಂದ್ರೆ ನಾನು ಬಿಡ್ತೀನಾ? ಇಲ್ದಿದ್ರೆ ಈಗ ಮಾಡ್ಕಂಡ್ರಾತು" ಎಂದು ಲಲಿತಳ ಕಡೆ ನೋಡಿದಳು. "ನಮ್ಮ ದೊಡ್ಡ ಮಗ ಹೊಸನಗರದಲ್ಲಿ ಮಾಸ್ತರು. ಅವಂಗೂ ಪುಸ್ತಕದ ಹುಚ್ಚು."

ಲಲಿತ ತಲೆ ತಗ್ಗಿಸಿದಳು. ಬೇಡ ಎನ್ನಲಿಲ್ಲ. ವಾರಿಜಳ ಮುಖ ಮತ್ತೆ ಅರಳಿತು. "ಹೇಳ್ಲಿಲ್ವಾ? ಎಳೆದ್ರೆ ಬರ್ತದೆ!"

ಬೇಸಿಗೆಯಲ್ಲಿ ಮದುವೆಯಾಯಿತು. ನನ್ನ ಮೂರನೆಯ ದಿನದ ದಾರಿಯಲ್ಲಿದ್ದ ಹೊಸನಗರಕ್ಕೆ ಲಲಿತ ಸೊಸೆಯಾಗಿ ಹೋದಳು. ಶಾಲೆಯ ಹಿಂದಿನ ಮನೆಗೆ ಬೇರೆಯವರು ಬಂದರು. ನಾನು ಅದೇ ಕೋಣೆಯಲ್ಲಿ ಕೂತು ಒಬ್ಬಳೇ ಬಿ.ಎ. ಕಟ್ಟಿ ಪಾಸಾದೆ, ಮುಂದೆ ಹೆಡ್‌ಮಿಸ್ಟ್ರೆಸ್ಸೂ ಆದೆ. ಲಲಿತಳ ಸಂಸಾರ ಚೆನ್ನಾಗಿ ನಡೆಯಿತು. ಗಂಡ ಒಳ್ಳೆಯವನು, ಅದರಲ್ಲೂ ನನಗೆ ದೂರಲು ಏನೂ ಸಿಗಲಿಲ್ಲ. ಆದರೆ ಬಾಣಂತನಕ್ಕೆ ಅವಳು ಕರೆಸಿಕೊಂಡದ್ದು ವಾರಿಜಳನ್ನು. ಅತ್ತೆಯ ಮೇಲೆ ಮುನಿಸಾದರೆ ಹೇಳಿಕೊಂಡದ್ದು ವಾರಿಜಕ್ಕನಿಗೆ. ನನಗೆ ಹಬ್ಬಹಬ್ಬಕ್ಕೆ ಒಂದು ಕಾರ್ಡು ಬರುತ್ತಿತ್ತು, ಅಚ್ಚುಕಟ್ಟಾದ ಅಕ್ಷರದಲ್ಲಿ, ಉಪಾಧ್ಯಾಯಿನಿಗೆ ಬರೆಯುವ ಹಾಗೆ.

ವಾರಿಜ ಹೋದ ವರ್ಷ ಅರಳಸುರಳಿಯಲ್ಲಿ ತೀರಿಕೊಂಡಳು. ಉತ್ತರಕ್ರಿಯೆಯ ದಿನ ನಾನು ಎಂದಿನಂತೆ ಎಲ್ಲರಿಗಿಂತ ಮುಂಚೆ ಹೋಗಿ ಕೂತೆ. ಜನ ಬರತೊಡಗಿದರು. ಒಬ್ಬರ ಗುರುತು ಒಬ್ಬರಿಗಿಲ್ಲ. ಎಲ್ಲರೂ ತಾವು ವಾರಿಜಮ್ಮನಿಗೆ ಹೇಗೆ ನೆಂಟರೆಂದು ಪರಸ್ಪರ ವಿವರಿಸುತ್ತಿದ್ದರು. ಬಸ್ಸಿನಲ್ಲಿ ಅವಳ ಪಕ್ಕ ಕೂತು ನೆಂಟರಾದವರೇ ಮೂವರಿದ್ದರು. ಚಪ್ಪರದೊಳಗೆ ಪಾಯಸ ಬಡಿಸುತ್ತಿದ್ದವಳು ಲಲಿತ. ತಲೆಯೆಲ್ಲ ಬೆಳ್ಳಗಾಗಿತ್ತು.

ನನ್ನ ಎದುರಿನ ಪಂಕ್ತಿಯ ಮುದುಕರೊಬ್ಬರು ಬಹಳ ಹೊತ್ತಿನಿಂದ ನನ್ನನ್ನೇ ನೋಡುತ್ತಿದ್ದರು. "ಅಮ್ಮಾ, ನಿಮ್ಮ ಗುರ್ತು ಆಗ್ಲಿಲ್ಲ. ನಿಮಗೆ ವಾರಿಜಮ್ಮ ಏನಾಗ್ಬೇಕು?"

"ಸವತಿ" ಎಂದೆ.

ಮುದುಕರ ಕೈ ಎಲೆಯ ಮೇಲೆ ನಿಂತಿತು. ಹಿಂದಿನಿಂದ ಒಂದು ನಗು ಕೇಳಿಸಿತು, ಲಾಂಚಿನಲ್ಲಿ ಕೇಳಿದ್ದ ಅದೇ ನಗು. ಅರ್ಧದಲ್ಲಿ ಅದು ಅಳುವಾಯಿತು. ಲಲಿತ ಪಾತ್ರೆ ಕೆಳಗಿಟ್ಟು ನನ್ನ ಪಕ್ಕದಲ್ಲಿ ಕುಸಿದು ಕೂತು ನನ್ನ ಭುಜಕ್ಕೆ ಹಣೆಯಿಟ್ಟಳು. ಅಳು ವಾರಿಜಳಿಗಾಗಿ. ಭುಜ ಮಾತ್ರ ನನ್ನದು.

ಕಣ್ಣು ಒರೆಸಿಕೊಂಡು ಅವಳೇ ಹೇಳಿದಳು: "ತೀರ್ಥಹಳ್ಳಿ ಮೇಲೆ ಹೋಗೋಣ ಕಣೆ. ಅವತ್ತು ನೀನು ಹೊಳೆ ತೋರಿಸ್ತೀನಿ ಅಂದಿದ್ದೆ, ತೋರಿಸಲೇ ಇಲ್ಲ."

ಬಸ್ಸಿನಲ್ಲಿ ಇಬ್ಬರಿಗೂ ಒಟ್ಟಿಗೆ ಸೀಟು ಸಿಕ್ಕಿತು. ಮೂವರು ಕೂರುವ ಸೀಟು. ಆ ಬದಿಯಲ್ಲಿ ಯಾರೋ ಹೆಂಗಸು, ನಡುವೆ ಲಲಿತ, ಕಿಟಕಿಯ ಹತ್ತಿರ ನಾನು. ಆ ಹಳೆಯ ಮಾತನ್ನು ಈಗ ಕೇಳಿ ಏನೂ ಆಗಬೇಕಾದ್ದಿಲ್ಲ. ಆದರೂ ಹೊಳೆ ದಂಡೆಯಲ್ಲಿ ಕೂತು, ಅವತ್ತು ಕೇಳಿದ್ದರೆ ಏನೆನ್ನುತ್ತಿದ್ದೆ ಎಂದಾದರೂ ಕೇಳಬೇಕೆಂದು ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಳ್ಳುತ್ತಿದ್ದೆ. ಕಂಡಕ್ಟರು ಇನ್ನೂ ಟಿಕೆಟ್ಟಿಗೆ ಬಂದಿರಲಿಲ್ಲ. ಲಲಿತ ನನಗೆ ಬೆನ್ನು ಮಾಡಿ ಆ ಕಡೆ ತಿರುಗಿದಳು.

"ಅಕ್ಕಾ, ನಿಮ್ಮನೆ ಯಾವ ಕಡಿಗಾತು?"