ಸ್ಕೋರು ಓದುವ ಹಲ್ಲಕ್ಕ

ಹಲ್ಲಕ್ಕನಿಗೆ ಮನುಷ್ಯರ ಮೇಲೆ ಒಳ್ಳೆಯ ಅಭಿಪ್ರಾಯ ಯಾವತ್ತೂ ಇರಲಿಲ್ಲ. ದಂತವೈದ್ಯರೊಬ್ಬರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಕಟ್ಟುವುದು ಅವಳ ಕೆಲಸ. ಅದಕ್ಕೇ ಆ ಹೆಸರು. ಮೇಜಿನ ಮೇಲೆ ಊರಿನವರ ಬಾಯಿಗಳೆಲ್ಲ ಪ್ಲಾಸ್ಟರ್ ಅಚ್ಚುಗಳಾಗಿ ಸಾಲಾಗಿ ಕೂತಿರುತ್ತಿದ್ದವು. ರಸ್ತೆಯಲ್ಲಿ ಎದೆ ಉಬ್ಬಿಸಿ ನಡೆಯುವ ವಕೀಲರನ್ನು ಕಂಡರೆ ಅವಳಿಗೆ ಮೊದಲು ನೆನಪಾಗುತ್ತಿದ್ದುದು ಅವರ ಖಾಲಿ ಮೇಲ್ದವಡೆ. ಹಾಗಿರುವಾಗ ಗೌರವ ಎಲ್ಲಿಂದ ಬರಬೇಕು?

ಟೆನಿಸ್ಸಿನ ಗೀಳು ಅವಳಿಗೆ ಅಂಟಿದ್ದೂ ಅದೇ ಮೇಜಿನ ಮೇಲೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೇಜು ಕೊಳೆಯಾಗದಿರಲಿ ಎಂದು ಹಳೆಯ ಪೇಪರು ಹಾಸುತ್ತಿದ್ದಳು. ಪ್ಲಾಸ್ಟರ್ ಗಟ್ಟಿಯಾಗುವವರೆಗೆ ಕೈಗೆ ಕೆಲಸವಿಲ್ಲ, ಕಣ್ಣು ಪೇಪರಿನ ಮೇಲೆ. ಒಂದು ದಿನ ಆಟದ ಪುಟದ ಮೂಲೆಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಯಾವುದೋ ದೂರದ ಟೂರ್ನಿಯ ಫಲಿತಾಂಶ ಕಂಡಿತು. ಯಾರು ಯಾರನ್ನು ಸೋಲಿಸಿದರು, ಎಷ್ಟಕ್ಕೆ ಎಷ್ಟು. ಅಲಂಕಾರವಿಲ್ಲ, ಹೊಗಳಿಕೆಯಿಲ್ಲ. ಅವಳಿಗೆ ಅದು ಹಿಡಿಸಿತು. ಮರುದಿನ ಅದೇ ಮೂಲೆ ಹುಡುಕಿದಳು. ಗೆದ್ದವನು ಈ ಸಲ ಸೋತಿದ್ದ. ಅವಳಿಗೆ ಖುಷಿಯಾಯಿತು.

ಅಲ್ಲಿಂದ ಇಲ್ಲಿಯತನಕ ಅವಳು ಒಂದು ಟೂರ್ನಿಯನ್ನೂ ಬಿಟ್ಟವಳಲ್ಲ. ಪೇಪರು ಹೋಗಿ ಫೋನು ಬಂತು, ಮೂಲೆಯ ಇರುವೆ ಸಾಲು ಬೆರಳ ತುದಿಗೆ ಬಂತು. ಆದರೆ ಆಟವನ್ನು ಮಾತ್ರ ಒಮ್ಮೆಯೂ ನೋಡಲಿಲ್ಲ. ಮನೆಯಲ್ಲಿ ಟಿ.ವಿ. ಮುಂದೆ ಕಾಲು ಚಾಚಿ ಕೂತ ಅವಳ ತಮ್ಮ ಕರೆಯುತ್ತಿದ್ದ.

"ಅಕ್ಕಾ, ಬಾರೇ, ಫೈನಲ್ಲು. ಏನು ಹೊಡೀತಿದಾನೆ ನೋಡು!"

"ಮುಗಿದ ಮೇಲೆ ಹೇಳು."

"ಮುಗಿದ ಮೇಲೆ ನೋಡೋಕೇನಿರುತ್ತೆ?"

"ಈಗ ನೋಡೋಕೇನಿದೆ? ಬೆವರು ಒರೆಸಿಕೊಳ್ಳೋದು, ಚೆಂಡು ನೆಲಕ್ಕೆ ಕುಟ್ಟೋದು. ನಿನಗೂ ಬೇರೆ ಕಸುಬಿಲ್ಲ, ಅವರಿಗೂ ಇಲ್ಲ."

ತಮ್ಮನ ಅಭಿಮಾನವಂತೂ ಅವಳಿಗೆ ವಾಕರಿಕೆ ತರಿಸುತ್ತಿತ್ತು. ಬೆಳಿಗ್ಗೆ ಒಬ್ಬನ ಪರ, ಅವನು ಸೋಲತೊಡಗಿದರೆ ಸಂಜೆಯ ಹೊತ್ತಿಗೆ ಇನ್ನೊಬ್ಬನ ಪರ. ಕಪ್ ಎತ್ತಿದವನು ಯಾರೇ ಆಗಲಿ, "ನಾನು ಮೊದಲೇ ಹೇಳಿರಲಿಲ್ವಾ?" ಎನ್ನುತ್ತ ತೊಡೆ ತಟ್ಟಿಕೊಳ್ಳುತ್ತಿದ್ದ.

ಹಲ್ಲಕ್ಕ ಯಾರ ಪರವೂ ಅಲ್ಲ. ಸ್ಕೋರು ನೋಡಿದರೆ ಸಾಕು, ಆಟಗಾರರ ಜಾತಕವೇ ತನ್ನ ಮುಂದೆ ಬಿಚ್ಚಿಕೊಳ್ಳುತ್ತದೆ ಎಂದು ಅವಳು ನಂಬಿದ್ದಳು. ಆರು-ನಾಲ್ಕು, ಮೂರು-ಆರು, ಏಳು-ಆರು ಎಂದಿದ್ದರೆ, "ಮೊದಲ ಸೆಟ್ ಗೆದ್ದು ಸೊಕ್ಕಿದ, ಎರಡನೇದರಲ್ಲಿ ಒದೆ ತಿಂದ, ಮೂರನೇದು ಹೆದರಿ ಹೆದರಿ ಗೆದ್ದ. ಮುಂದಿನ ಸುತ್ತಲ್ಲಿ ಮನೆಗೆ ಹೋಗ್ತಾನೆ ನೋಡ್ತಿರಿ" ಎಂದು ತೀರ್ಪು ಕೊಡುತ್ತಿದ್ದಳು. ಅವನು ಮನೆಗೆ ಹೋದರೆ ಮುಗುಳ್ನಗೆ. ಹೋಗದೆ ಗೆದ್ದರೆ, "ಎದುರಿಗಿದ್ದೋನು ಇನ್ನೂ ದಂಡಪಿಂಡ" ಎನ್ನುವುದು. ಹೀಗಾಗಿ ಅವಳ ಮಾತು ಸುಳ್ಳಾದ ದಾಖಲೆಯೇ ಇರಲಿಲ್ಲ.

ಅವಳ ಪಾಲಿಗೆ ಎಲ್ಲರಿಗಿಂತ ದೊಡ್ಡ ದಂಡಪಿಂಡವೆಂದರೆ ಡಾಕ್ಟರು. ಅವರ ಒಬ್ಬಳೇ ಮಗಳು ಟೆನಿಸ್ ಆಡುತ್ತಿದ್ದಳು, ಅದೂ ವೃತ್ತಿಯಾಗಿ. ದೊಡ್ಡ ಟೂರ್ನಿಗಳಲ್ಲ, ಹೆಸರು ಕೇಳದ ಊರುಗಳಲ್ಲಿ ನಡೆಯುವ ಸಣ್ಣವು. ಹುಡುಗಿ ಒಂದು ಸುತ್ತು ಗೆದ್ದಳೆಂದರೆ ಕ್ಲಿನಿಕ್ಕಿಗೆ ಕೇಕು ಬರುತ್ತಿತ್ತು. ಹಲ್ಲು ಕೀಳಿಸಿಕೊಂಡು ಬಾಯಲ್ಲಿ ಹತ್ತಿ ಕಚ್ಚಿಕೊಂಡು ಕೂತವರ ಕೈಗೂ ಡಾಕ್ಟರು ಒಂದೊಂದು ತುಂಡು ಇಡುತ್ತಿದ್ದರು.

"ಮಗಳು ಎರಡನೇ ಸುತ್ತಿಗೆ ಹೋದಳು! ನಮ್ಮ ಮನೆತನದ್ದೇ ಆ ಛಲ!"

ಒಂದು ಸಲ ಹಲ್ಲಕ್ಕ ಕೇಕಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಡಾಕ್ಟ್ರೇ, ಎದುರಾಳಿ ಬರಲೇ ಇಲ್ಲ. ಮಂಡಿ ನೋವು ಅಂತ ಹಿಂದೆ ಸರಿದಳು. ವಾಕ್‌ಓವರ್ ಅದು. ನಿಮ್ಮ ಮನೆತನದ ಛಲ ರ‍್ಯಾಕೆಟ್ಟನ್ನ ಚೀಲದಿಂದ ಹೊರಗೂ ತೆಗೆದಿಲ್ಲ."

ಕಾಯುತ್ತಿದ್ದವರೆಲ್ಲ ಹತ್ತಿ ಕಚ್ಚಿಕೊಂಡೇ ನಕ್ಕರು. ಡಾಕ್ಟರ ಮುಖ ಕಪ್ಪಿಟ್ಟಿತು. "ಗೆಲುವು ಗೆಲುವೇ" ಎಂದು ಒಳಗೆ ಹೋದರು.

ಹುಡುಗಿಯ ಬಗ್ಗೆಯೂ ಹಲ್ಲಕ್ಕನ ತೀರ್ಪು ಸಿದ್ಧವಾಗಿತ್ತು. ಪರದೇಶಗಳಲ್ಲಿ ಒಂದೋ ಎರಡೋ ಸುತ್ತು ಗೆಲ್ಲುತ್ತಾಳೆ. ಹತ್ತಿರದ ಊರುಗಳಲ್ಲಿ ಆಡಿದಾಗ ಮೊದಲ ಸೆಟ್ ಗೆದ್ದು ಮೂರನೆಯದನ್ನು ಆರು-ಸೊನ್ನೆಗೋ ಆರು-ಒಂದಕ್ಕೋ ಒಪ್ಪಿಸಿ ಬರುತ್ತಾಳೆ. ಮತ್ತೆ ಮತ್ತೆ ಅದೇ ಕಥೆ. "ಮೈಗಳ್ಳಿ" ಎಂದು ಹಲ್ಲಕ್ಕ ಮುದ್ರೆ ಒತ್ತಿದ್ದಳು. "ಒಂದು ಗಂಟೆ ಆಟ, ಆಮೇಲೆ ಅಪ್ಪನ ಮನೆಯ ಮೆತ್ತನೆ ಹಾಸಿಗೆ ನೆನಪಾಗುತ್ತೆ."

ಆ ಮೈಗಳ್ಳಿಯ ಹಲ್ಲಿನ ಅಚ್ಚು ಒಂದು ದಿನ ಅವಳ ಮೇಜಿಗೇ ಬಂತು. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಹಾಕಿಕೊಳ್ಳಲು ಕೊಡುವ ಕವಚ ಮಾಡಬೇಕಿತ್ತು. ಹಲ್ಲಕ್ಕ ಅಚ್ಚನ್ನು ಬೆಳಕಿಗೆ ಹಿಡಿದು ನೋಡಿದಳು. ದವಡೆಯ ಹಲ್ಲುಗಳೆಲ್ಲ ಸವೆದು ಚಪ್ಪಟೆ. ಮುದುಕಿಯರ ಬಾಯಲ್ಲೂ ಅಷ್ಟು ಸವೆತ ಅವಳು ಕಂಡಿದ್ದು ಅಪರೂಪ.

ಕವಚ ಸರಿಯಾಗಿ ಕೂರುತ್ತದೆಯೇ ಎಂದು ನೋಡಲು ಹುಡುಗಿಯೇ ಬಂದಳು. ಎತ್ತರದವಳು, ಬಿಸಿಲಿಗೆ ಕಪ್ಪಾದ ಮೂಗು, ಒಂದು ತೋಳು ಇನ್ನೊಂದಕ್ಕಿಂತ ದಪ್ಪ. ಸ್ಟೂಲು ಎಳೆದುಕೊಂಡು ಕೂತವಳೇ, "ಅಕ್ಕಾ, ನನ್ನನ್ನ ಮೈಗಳ್ಳಿ ಅಂದಿರಂತೆ?" ಎಂದಳು.

ಹಲ್ಲಕ್ಕ ಕವಚದ ಅಂಚು ಉಜ್ಜುತ್ತಲೇ ಹೇಳಿದಳು, "ಅಂದೆ. ಸ್ಕೋರು ಹಾಗನ್ನುತ್ತೆ. ಮೊದಲ ಸೆಟ್ ಗೆದ್ದೋಳು ಮೂರನೇದ್ರಲ್ಲಿ ಒಂದು ಗೇಮೂ ಗೆಲ್ಲಲ್ಲ ಅಂದ್ರೆ ಇನ್ನೇನು?"

"ಮೊದಲ ಸೆಟ್ ಹೊತ್ತಿಗೆ ಅಪ್ಪ ಬಂದಿರಲ್ಲ. ಬೆಳಗ್ಗಿನ ಪೇಷೆಂಟುಗಳನ್ನ ಮುಗಿಸಿ ಕಾರು ಓಡಿಸಿಕೊಂಡು ಬರೋ ಹೊತ್ತಿಗೆ ಎರಡನೇ ಸೆಟ್ ನಡೀತಿರುತ್ತೆ. ಬಂದೋರು ಬಾಯಿ ಮುಚ್ಚಲ್ಲ. ನನ್ನ ಕೈ ಕಟ್ಟಿಹಾಕಿದ ಹಾಗಾಗುತ್ತೆ. ಪರದೇಶಕ್ಕೆ ಅವರು ಬರೋಕಾಗಲ್ಲ, ಅಲ್ಲಿ ಗೆಲ್ತೀನಿ. ಇದು ನಿಮ್ಮ ಸ್ಕೋರಲ್ಲಿ ಬರೆದಿರುತ್ತಾ?"

ಹಲ್ಲಕ್ಕನ ಕೈ ನಿಂತಿತು. ಅವಳ ಮಾತಿಗೆ ಎದುರಾಡಿದವರು ಬಹಳ ಮಂದಿ, ಆದರೆ ಅವಳು ಓದಿದ್ದೇ ತಪ್ಪೆಂದು ತೋರಿಸಿಕೊಟ್ಟವರು ಯಾರೂ ಇರಲಿಲ್ಲ. ಎಷ್ಟು ಟೂರ್ನಿಗಳ ಫಲಿತಾಂಶ ಓದಿದ್ದರೂ ಇದೊಂದು ಹೊಳೆದಿರಲಿಲ್ಲವಲ್ಲ ಎಂದು ಕಿವಿ ಬಿಸಿಯಾಯಿತು.

"ಬಾಯಿ ತೆಗಿ" ಎಂದಳು. ಕವಚ ಸರಿಯಾಗಿ ಕೂತಿತು. "ಬರಬೇಡಿ ಅಂತ ಅಪ್ಪನಿಗೆ ಹೇಳೋಕೇನು ಧಾಡಿ?"

ಹುಡುಗಿ ಕವಚ ಉಗುಳಿ ಕೈಗೆ ತೆಗೆದುಕೊಂಡಳು. "ಹೇಳಿದೆ. ಮೂರು ದಿನ ಊಟ ಬಿಟ್ಟರು. ಅಮ್ಮ ಅತ್ತಳು. ಆಮೇಲೆ ನಾನೇ ಕಾಲು ಹಿಡಿದು ಕರೆದೆ."

"ಥೂ" ಎಂದಳು ಹಲ್ಲಕ್ಕ. ಯಾರಿಗೆ ಅಂದದ್ದು ಎಂದು ಅವಳಿಗೇ ತಿಳಿಯಲಿಲ್ಲ. ಊಟ ಬಿಟ್ಟ ಅಪ್ಪನಿಗೋ, ಕಾಲು ಹಿಡಿದ ಮಗಳಿಗೋ.

ಮುಂದಿನ ತಿಂಗಳು ಅದೇ ಊರಿನ ಕ್ಲಬ್ಬಿನಲ್ಲಿ ಒಂದು ಟೂರ್ನಿ ನಡೆಯಿತು. ಹುಡುಗಿಯ ಮೊದಲ ಪಂದ್ಯದ ದಿನ ಡಾಕ್ಟರು ಕ್ಲಿನಿಕ್ಕನ್ನೇ ಮುಚ್ಚಿ ಹೊರಟರು. ಹಲ್ಲಕ್ಕ ಬಾಗಿಲಿಗೆ ಬೀಗ ಹಾಕಿ ಮನೆಯ ಕಡೆ ಹೆಜ್ಜೆ ಹಾಕಿದವಳು, ಸಿಗ್ನಲ್ಲಿನ ಹತ್ತಿರ ನಿಂತು, ತನ್ನನ್ನೇ ಬೈದುಕೊಂಡು, ಕ್ಲಬ್ಬಿನ ಕಡೆಯ ಬಸ್ಸು ಹತ್ತಿದಳು.

ಕಂಡದ್ದೊಂದೂ ಅವಳಿಗೆ ಹಿಡಿಸಲಿಲ್ಲ. ಕಬ್ಬಿಣದ ಮೆಟ್ಟಿಲು ಕಾದು ಕೂತಲ್ಲಿ ಸುಡುತ್ತಿತ್ತು. ಮುಂದಿನ ಸಾಲಿನಲ್ಲಿ ಕ್ಲಬ್ಬಿನ ಸದಸ್ಯರು ತಣ್ಣನೆಯ ಬಾಟಲಿ ಹಿಡಿದು ಆಟಕ್ಕೆ ಬೆನ್ನು ಮಾಡಿ ಹರಟುತ್ತಿದ್ದರು. ಚೆಂಡು ಹೊರಗೆ ಬಿದ್ದರೂ ಚಪ್ಪಾಳೆ. ಡಾಕ್ಟರು ಟೋಪಿ ಹಾಕಿಕೊಂಡು ಅಂಗಳದ ಪಕ್ಕದಲ್ಲೇ ಕೂತಿದ್ದರು. ಹಲ್ಲಕ್ಕ ಅವರ ಹಿಂದಿನ ಸಾಲಿನಲ್ಲಿ ಕೂತಳು.

"ಕಾಲು! ಕಾಲು ಆಡಿಸು!" ಡಾಕ್ಟರು ಕೂಗುತ್ತಿದ್ದರು. "ಅಯ್ಯೋ, ಏನು ಹೊಡೆತ ಇದು? ಅಷ್ಟೂ ಗೊತ್ತಾಗಲ್ವಾ?" ಚೆಂಡು ನೆಟ್ಟಿಗೆ ಬಡಿದರೆ ಹಣೆ ಚಚ್ಚಿಕೊಳ್ಳುವುದು, ಎರಡೂ ಸರ್ವ್ ತಪ್ಪಿ ಡಬಲ್ ಫಾಲ್ಟ್ ಆದರೆ ಎದ್ದು ನಿಂತು ಬೆನ್ನು ತಿರುಗಿಸುವುದು. ಅಂಪೈರು ಒಮ್ಮೆ ಎಚ್ಚರಿಕೆ ಕೊಟ್ಟರೂ ದನಿ ಸ್ವಲ್ಪ ತಗ್ಗಿತೇ ಹೊರತು ನಿಲ್ಲಲಿಲ್ಲ. ಹುಡುಗಿ ಪ್ರತಿ ಪಾಯಿಂಟ್ ಆದಮೇಲೂ ಕಳ್ಳಗಣ್ಣಿನಲ್ಲಿ ಅಪ್ಪನ ಕಡೆ ನೋಡುತ್ತಿದ್ದಳು. ಅವಳ ದವಡೆ ಬಿಗಿಯುವುದು ಹಲ್ಲಕ್ಕನಿಗೆ ಅಷ್ಟು ದೂರದಿಂದಲೂ ಕಂಡಿತು. ಮೊದಲ ಸೆಟ್ ಹೋಯಿತು. ಎರಡನೆಯದರಲ್ಲೂ ಹಿಂದೆ ಬಿದ್ದಳು.

"ಇವಳಿಗೆ ಎಷ್ಟು ದುಡ್ಡು ಸುರಿದರೂ ಅಷ್ಟೇ!" ಎಂದು ಡಾಕ್ಟರು ಪಕ್ಕದವರಿಗೆ ಹೇಳಿದರು, ಮಗಳಿಗೆ ಕೇಳಿಸುವಷ್ಟು ಜೋರಾಗಿ.

ಹಲ್ಲಕ್ಕ ಮುಂದಕ್ಕೆ ಬಾಗಿ ಅವರ ಹೆಗಲು ತಟ್ಟಿದಳು.

"ಡಾಕ್ಟ್ರೇ."

"ಅರೆ, ನೀನು ಇಲ್ಲಿ?"

"ದಿನಾ ಊರೋರಿಗೆಲ್ಲ ಬಾಯಿ ತೆಗೀರಿ ಅಂತೀರಿ. ಇವತ್ತೊಂದು ದಿನ ನೀವು ಮುಚ್ಚಿ."

ಹರಟುತ್ತಿದ್ದವರು ಹರಟೆ ನಿಲ್ಲಿಸಿದರು. ಡಾಕ್ಟರು ತಡವರಿಸಿದರು. "ನಾನು... ನನ್ನ ಮಗಳು... ನಿನಗೇನು ಗೊತ್ತು ಆಟದ ವಿಷಯ?"

"ಆಟ ಗೊತ್ತಿಲ್ಲ. ಇವತ್ತೇ ಮೊದಲು ನೋಡ್ತಿರೋದು. ಆದ್ರೆ ನಿಮ್ಮ ಮಗಳ ಹಲ್ಲು ನೋಡಿದೀನಿ. ನೀವೂ ಡಾಕ್ಟ್ರಲ್ವಾ, ಅಚ್ಚು ತೆಗೆದೋರು ನೀವೇ. ನಿದ್ದೇಲಿ ಯಾರ ಹೆಸರು ಹೇಳಿ ಕಡೀತಾಳೆ ಅಂತ ಕೇಳಿದೀರಾ ಒಂದು ದಿನ?"

ಡಾಕ್ಟರು ಎದ್ದರು. ಸುತ್ತಲಿನವರು ನೋಡುತ್ತಿರುವುದನ್ನು ಕಂಡು, ಟೋಪಿ ಸರಿಮಾಡಿಕೊಂಡು ಮೆಟ್ಟಿಲಿಳಿದು ಹೋದರು. ಹುಡುಗಿ ಸರ್ವ್ ಮಾಡಲು ಚೆಂಡು ಹಿಡಿದವಳು ಅಪ್ಪ ಗೇಟು ದಾಟುವವರೆಗೂ ಹಾಗೆಯೇ ನಿಂತಿದ್ದಳು.

ಮತ್ತೆ ಅವಳು ಆಡಿದಳು. ಹಲ್ಲಕ್ಕನಿಗೆ ಯಾವ ಹೊಡೆತ ಒಳ್ಳೆಯದು, ಯಾವುದು ಕೆಟ್ಟದ್ದು ಒಂದೂ ಗೊತ್ತಾಗಲಿಲ್ಲ. ಹುಡುಗಿ ಈ ಕಡೆ ನೋಡುವುದನ್ನು ಬಿಟ್ಟಳು ಎಂಬುದಷ್ಟೇ ಗೊತ್ತಾಯಿತು. ಎರಡನೇ ಸೆಟ್ ಆರು-ಆರಾಗಿ ಟೈಬ್ರೇಕಿನಲ್ಲಿ ಸಿಕ್ಕಿತು, ಮೂರನೆಯದು ಆರು-ಎರಡು. ಕೊನೆಯ ಪಾಯಿಂಟಿಗೆ ಹಲ್ಲಕ್ಕ ಎದ್ದು ನಿಂತಿದ್ದಳು. ಅದು ಅರಿವಿಗೆ ಬಂದೊಡನೆ ನಾಚಿಕೆಯಾಗಿ, ಸೀರೆಯ ಹಿಂಭಾಗ ಸುಟ್ಟಿತೇನೋ ಎಂದು ನೋಡಿಕೊಳ್ಳುವವಳಂತೆ ನಟಿಸಿದಳು.

ಇಷ್ಟಾದರೂ ಕಥೆ ಸುಖವಾಗಿ ಮುಗಿಯಲಿಲ್ಲ. ಮರುದಿನ ಡಾಕ್ಟರು ಕ್ಲಬ್ಬಿನ ಕಡೆ ತಲೆಯೇ ಹಾಕಲಿಲ್ಲ, ಆದರೂ ಹುಡುಗಿ ನಿಜವಾದ ಆಟಗಾರ್ತಿಯೊಬ್ಬಳ ಕೈಯಲ್ಲಿ ಆರು-ಒಂದು, ಆರು-ಒಂದಕ್ಕೆ ಸೋತಳು. ಹಲ್ಲಕ್ಕ ಅದಕ್ಕೂ ಹೋಗಿದ್ದಳು. ಹೊರಗೆ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದ ಹುಡುಗಿಯ ಬಳಿ ನಿಂತು, "ನಿನ್ನೆ ನಿಮ್ಮಪ್ಪನಿಗೆ ಬೈದದ್ದು ದಂಡ. ನೀನೂ ಅಷ್ಟೇನೂ ಚೆನ್ನಾಗಿ ಆಡಲ್ಲ" ಎಂದಳು.

ಹುಡುಗಿ ಒದ್ದೆ ಮುಖದಲ್ಲೇ ನಗತೊಡಗಿದಳು. "ಗೊತ್ತು ಅಕ್ಕಾ. ಆದ್ರೆ ಇವತ್ತು ಸೋತದ್ದು ನಾನೇ. ಪೂರ್ತಿ ನಾನೇ ಸೋತೆ."

ಹಲ್ಲಕ್ಕನ ಕೆಲಸ ಹೋಗುತ್ತದೆಂದು ತಮ್ಮ ಹೆದರಿಸಿದ್ದ. ಹೋಗಲಿಲ್ಲ. ಡಾಕ್ಟರು ಎರಡು ವಾರ ಅವಳ ಜೊತೆ ಮಾತು ಬಿಟ್ಟು, ಹೇಳಬೇಕಾದ್ದನ್ನು ಕೌಂಟರಿನ ಹುಡುಗಿಯ ಬಾಯಲ್ಲಿ ಹೇಳಿಸಿದರು. ತೆಗೆದುಹಾಕುವಷ್ಟು ಗಂಡಸುತನವೂ ಈ ಮನುಷ್ಯನಿಗಿಲ್ಲವಲ್ಲ ಎಂದು ಹಲ್ಲಕ್ಕ ಅದಕ್ಕೂ ಮೂಗು ಮುರಿದಳು. ಆದರೆ ಅಲ್ಲಿಂದಾಚೆಗೆ ಅವರು ಮಗಳ ಪಂದ್ಯಗಳಿಗೆ ಹೋಗುವುದು ನಿಂತಿತು. ಮನೆಯಲ್ಲಿ ಏನು ನಡೆಯಿತೋ, ಅವರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಹುಡುಗಿ ಈಗಲೂ ಸಣ್ಣ ಟೂರ್ನಿಗಳಲ್ಲೇ ಆಡುತ್ತಾಳೆ. ಗೆಲ್ಲುವುದು ಕಡಿಮೆ. ಸೋತ ದಿನ ಯಾವುದೋ ವಿಮಾನ ನಿಲ್ದಾಣದಿಂದ ಫೋನು ಮಾಡುತ್ತಾಳೆ. ಹಲ್ಲಕ್ಕ ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಹಲ್ಲು ಕೂರಿಸುವ ಮೇಣ ಕಾಯಿಸುತ್ತ ಕೇಳುತ್ತಾಳೆ. ಗೆದ್ದವಳ ಸರ್ವ್, ಅವಳ ಕಿರುಚಾಟ, ಅವಳ ಜಡೆ, ಅವಳ ಜೊತೆಗೆ ಬಂದ ತಾಯಿ, ಒಂದನ್ನೂ ಬಿಡದೆ ಇಬ್ಬರೂ ಸೇರಿ ತೊಳೆದು ಒಣಹಾಕುತ್ತಾರೆ.

ಮೊನ್ನೆ ಕ್ಲಿನಿಕ್ಕಿಗೆ ಬಂದ ತಮ್ಮ ಅದನ್ನು ಕೇಳಿಸಿಕೊಂಡು ಬಾಗಿಲಲ್ಲೇ ನಿಂತ. "ಅಕ್ಕಾ, ಗೆದ್ದೋಳು ಈ ವರ್ಷ ಟಾಪ್ ಐವತ್ತಕ್ಕೆ ಬರ್ತಾಳಂತೆ. ನಾನಂತೂ ಇನ್ಮೇಲೆ ಅವಳ ಕಡೆ."

"ಹೋಗು, ಹೋಗಿ ಅವಳ ಜಡೆ ಹೆಣಿ" ಎಂದು ಹಲ್ಲಕ್ಕ ಅವನ ಕಡೆ ತಿರುಗದೆ ಫೋನಿಗೆ ಹೇಳಿದಳು, "ಹ್ಞೂಂ, ನೀನು ಹೇಳು. ನಾಲ್ಕು-ನಾಲ್ಕು ಆದಾಗ ಆ ಮೂದೇವಿ ಏನು ಮಾಡಿದಳು?"